ತಾಂಜಾನಿಯಾದ ಮಿಷನ್ ಶಾಲೆಗೆ ಗಣಿತ ಟೀಚರಾಗಿ ಹೋಗಬೇಕಿದೆ, ಏನೇನು ತಯಾರಿ ಬೇಕು?

ಬೆಟಗೇರಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವಳು. ಬಿಎಸ್ಸಿ, ಬಿಎಡ್ ಆಗಿದೆ. ಇಲ್ಲೇ ಒಂದು ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಮನೆಯವರು ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಷನ್ ಸಭೆಯವರು, ಅಂದರೆ ಆ ಚರ್ಚಿನವರು, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಮಿಷನರಿ ಅಂದರೆ ಹೊರದೇಶದಿಂದ ನಮ್ಮೂರಿಗೆ ಬಂದವರು ಅಂತಲೇ ಕೇಳಿ ಬೆಳೆದವಳು ನಾನು. ಈಗ ನಾನೇ ಹೊರಡುವ ಮಾತು ಬಂದಿದೆ.

ತಾಂಜಾನಿಯಾದ ಇರಿಂಗಾ ಕಡೆ ಲೂಥರನ್ ಸಭೆಯವರ ಒಂದು ಸೆಕೆಂಡರಿ ಶಾಲೆ. ಹಾಸ್ಟೆಲ್ ಇದೆ. ಗಣಿತಕ್ಕೂ ಫಿಸಿಕ್ಸ್‌ಗೂ ಟೀಚರ್ ಬೇಕಂತೆ, ಎರಡು ವರ್ಷಕ್ಕೆ. ಅಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ. ನಮ್ಮ ಸಭಾಪಾಲಕರು ಪ್ರಾರ್ಥನೆ ಮಾಡಿ ತೀರ್ಮಾನ ಮಾಡಮ್ಮ ಅಂದಿದ್ದಾರೆ. ಪ್ರಾರ್ಥನೆ ನಡೀತಾ ಇದೆ, ಆದರೆ ಪ್ರಾರ್ಥನೆಯಿಂದ ವೀಸಾ ಫಾರಂ ತುಂಬೋದಿಲ್ಲ ಅಲ್ವಾ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೋಗುವ ಮೊದಲು ಬೈಬಲ್ ಕಾಲೇಜಿನಲ್ಲಿ ಓದಿರಬೇಕಾ? ಸ್ವಾಹಿಲಿ ಕಲಿಯಲೇಬೇಕಾ, ಪಾಠ ಇಂಗ್ಲಿಷ್‌ನಲ್ಲಿ ಅಂತ ಅವರೇ ಬರೆದಿದ್ದಾರೆ. ಕಾಗದಪತ್ರ ಎಲ್ಲಿಂದ ಶುರು ಮಾಡಲಿ? ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ನನ್ನ ಇಂಗ್ಲಿಷ್ ಪುಸ್ತಕದ ಇಂಗ್ಲಿಷ್. ಇದು ಸಾಲುತ್ತದಾ ಅನ್ನೋ ಭಯ ಇದೆ. ಅವ್ವನಿಗೆ ಇನ್ನೊಂದು ಭಯ, ವಾಪಸ್ ಬರುವಷ್ಟರಲ್ಲಿ ಮದುವೆ ವಯಸ್ಸು ದಾಟಿರುತ್ತದೆ ಅಂತ. ಅದಕ್ಕೆ ಉತ್ತರ ಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಉಳಿದದ್ದಕ್ಕೆ ನೇರವಾಗಿ ಹೇಳಿ.

ಹಾಸನದಕ್ಕ

ತಂಗಿ, ನಾನು ಅದೇ ದಕ್ಷಿಣದ ಎತ್ತರದ ಸೀಮೆಯಲ್ಲಿ, ನೀನು ಹೇಳುವಂಥದ್ದೇ ಶಾಲೆಯಲ್ಲಿ ಕೆಲವು ವರ್ಷ ಪಾಠ ಮಾಡಿ ಬಂದವಳು. ಕಾಗದಪತ್ರದ ವಿಷಯ ಗೊತ್ತಿರುವವರು ಹೇಳುತ್ತಾರೆ. ನಾನು ಕ್ಲಾಸ್‌ರೂಮಿನ ವಿಷಯ ಹೇಳುತ್ತೇನೆ.

ಪಾಠ ಇಂಗ್ಲಿಷ್‌ನಲ್ಲಿ ಅಂತ ಬರೆದಿದ್ದಾರಲ್ಲ, ಅದು ನಿಜ. ಆದರೆ ಅರ್ಧ ಮಾತ್ರ ನಿಜ. ಅಲ್ಲಿ ಸರ್ಕಾರಿ ಪ್ರೈಮರಿ ಪೂರ್ತಿ ಸ್ವಾಹಿಲಿಯಲ್ಲಿ ನಡೆಯುತ್ತದೆ. ಸೆಕೆಂಡರಿಗೆ, ಅಂದರೆ ಫಾರ್ಮ್ ಒನ್‌ಗೆ ಬಂದ ದಿನದಿಂದ ಎಲ್ಲಾ ಇಂಗ್ಲಿಷ್. ಗಣಿತ, ಜೀವಶಾಸ್ತ್ರ, ಭೂಗೋಳ, ಎಲ್ಲವೂ. ನಿನ್ನ ಮುಂದೆ ಕೂರುವ ಮಗುವಿಗೆ ಭಿನ್ನರಾಶಿ ಕೂಡಿಸಲು, ಕಳೆಯಲು ಬರುತ್ತದೆ, ತ್ರಿಕೋನದ ವಿಸ್ತೀರ್ಣವೂ ಬರುತ್ತದೆ. ಅದನ್ನೇ ಇಂಗ್ಲಿಷ್‌ನಲ್ಲಿ ಕೇಳಿದರೆ ಸುಮ್ನೆ ನೋಡುತ್ತಾ ಕೂತಿರುತ್ತದೆ. ಬೋರ್ಡಿನ ಮೇಲಿರುವುದನ್ನು ಅಷ್ಟೂ, ಗೆರೆ ಹಾಕಿ, ಮುತ್ತು ಪೋಣಿಸಿದ ಹಾಗೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಅರ್ಥ ಆಯ್ತಾ ಅಂದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ ಯೆಸ್ ಮೇಡಂ. ಆಮೇಲೆ ಲೆಕ್ಕದ ಸಂಖ್ಯೆ ಬದಲಾಯಿಸಿ ಒಬ್ಬನನ್ನು ಬೋರ್ಡಿಗೆ ಕರೆದು ನೋಡು, ಚಾಕ್‌ಪೀಸ್ ಕೈಯಲ್ಲಿ ಹಿಡಿದು ನಿಂತೇ ಇರುತ್ತಾನೆ.

ಈಗ ನೀನೇ ಯೋಚನೆ ಮಾಡು. ಹತ್ತನೇ ಕ್ಲಾಸಿನವರೆಗೆ ವರ್ಗಮೂಲ, ವೇಗೋತ್ಕರ್ಷ ಅಂತ ಓದಿ, ಪಿಯುಸಿ ಸೈನ್ಸಿಗೆ ಸೇರಿದ ಮೊದಲ ತಿಂಗಳು ನಿನಗೆ ಹೇಗಿತ್ತು? ಲೆಕ್ಚರರ್ ಹೇಳಿದ್ದರಲ್ಲಿ ಎಷ್ಟು ತಲೆಗೆ ಹೋಯಿತು? ಆ ಅನುಭವ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಟೀಚರಿಗೆ ಇರುವುದಿಲ್ಲ. ನನ್ನ ಜೊತೆ ಯುರೋಪಿನಿಂದ ಬಂದ ಒಬ್ಬ ಹುಡುಗ ಇದ್ದ, ವಿಷಯ ಚೆನ್ನಾಗಿ ಗೊತ್ತಿತ್ತು, ಮಕ್ಕಳು ಯಾಕೆ ಬಾಯಿ ಬಿಡುವುದಿಲ್ಲ ಅಂತ ಮಾತ್ರ ಅವನಿಗೆ ವರ್ಷ ಮುಗಿದರೂ ತಿಳಿಯಲಿಲ್ಲ. ನಿನ್ನ ಪುಸ್ತಕದ ಇಂಗ್ಲಿಷ್ ಅಲ್ಲಿಗೆ ಧಾರಾಳ ಸಾಕು. ಇನ್ನೂ ಹೇಳಬೇಕೆಂದರೆ ಅದೇ ಒಳ್ಳೆಯದು, ನಿಧಾನ, ಸಣ್ಣ ವಾಕ್ಯ.

ಆದ್ದರಿಂದ ಸ್ವಾಹಿಲಿ ಕಲಿಯಲೇಬೇಕು. ಈಗಿನಿಂದಲೇ. ಭಾಷಣ ಮಾಡುವಷ್ಟು ಬೇಡ. ಕೂಡು, ಕಳೆ, ಗುಣಿಸು, ಭಾಗಿಸು, ತ್ರಿಕೋನ, ವೃತ್ತ, ಅಳತೆ, ಯಾಕೆ, ಹೇಗೆ, ಇನ್ನೊಮ್ಮೆ ಹೇಳು, ಇಷ್ಟು ಬಂದರೆ ಫಾರ್ಮ್ ಒನ್ ಮಕ್ಕಳು ನಿನ್ನವರಾಗುತ್ತಾರೆ. ನಾನು ಪ್ರತಿ ಪಾಠಕ್ಕೆ ಮೊದಲು ಬೋರ್ಡಿನ ಎಡಗಡೆ ಹತ್ತು ಪದ, ಇಂಗ್ಲಿಷ್ ಮತ್ತು ಸ್ವಾಹಿಲಿ ಎರಡರಲ್ಲೂ ಬರೆಯುತ್ತಿದ್ದೆ. ಕೆಲವು ಶಾಲೆಗಳಲ್ಲಿ ಆವರಣದೊಳಗೆ ಇಂಗ್ಲಿಷ್ ಮಾತ್ರ ಅಂತ ನಿಯಮ ಇರುತ್ತದೆ. ಹೆಡ್‌ಮಾಸ್ಟರ್ ಹತ್ತಿರ ಮೊದಲೇ ಮಾತಾಡಿಕೊಂಡರೆ ಬೇಡ ಅನ್ನುವುದಿಲ್ಲ, ಅವರೂ ಅದೇ ದಾರಿಯಲ್ಲಿ ಬಂದವರು.

ಇನ್ನು ಚಿಲ್ಲರೆ ವಿಷಯ. ಹಿರಿಯರು ಎದುರು ಬಂದರೆ ‘ಶಿಕಮೂ’ ಅನ್ನಬೇಕು. ಮಕ್ಕಳು ನಿನಗೂ ಅನ್ನುತ್ತಾರೆ, ನೀನು ‘ಮರಹಬಾ’ ಅನ್ನಬೇಕು. ಮೊದಲ ದಿನವೇ ಇದು ಬಾಯಿಗೆ ಬಂದಿರಲಿ, ಇದನ್ನು ಬಿಟ್ಟವರನ್ನು ಜನ ಮರೆಯುವುದಿಲ್ಲ. ಅವರ ಗಂಟೆ ಲೆಕ್ಕ ಸೂರ್ಯ ಹುಟ್ಟಿದ ಮೇಲೆ ಶುರು, ಒಂದು ಗಂಟೆ ಅಂದರೆ ನಮ್ಮ ಬೆಳಗಿನ ಏಳು. ಸ್ವಾಹಿಲಿಯಲ್ಲಿ ಯಾರಾದರೂ ಎರಡು ಗಂಟೆಗೆ ಮೀಟಿಂಗ್ ಅಂದರೆ ಮಧ್ಯಾಹ್ನ ಊಟ ಮುಗಿಸಿ ಹೋಗಬೇಡ. ಸ್ವೆಟರ್ ತಗೊಂಡು ಹೋಗು, ಎರಡು. ಆಫ್ರಿಕಾ ಅಂದರೆ ಸುಡುಬಿಸಿಲು ಅಂತ ನಮ್ಮವರ ಲೆಕ್ಕ, ಇರಿಂಗಾ ಊರು 1,500 ಮೀಟರಿಗಿಂತ ಎತ್ತರದಲ್ಲಿದೆ, ಜೂನ್ ಜುಲೈನಲ್ಲಿ ರಾತ್ರಿ ನಡುಕ ಬರುತ್ತದೆ. ಊಟಕ್ಕೆ ಉಗಾಲಿ, ಅಂದರೆ ಜೋಳದ ಹಿಟ್ಟಿನ ಮುದ್ದೆ, ನಿಮ್ಮ ಬಿಳಿಜೋಳ ಅಲ್ಲ, ಮೆಕ್ಕೆಜೋಳ. ಜೊತೆಗೆ ಹುರುಳಿಕಾಯಿ ಬೀಜದ ಸಾರು, ಸೊಪ್ಪು. ಮುದ್ದೆ ತಿಂದು ಬೆಳೆದ ನನಗೆ ಕಷ್ಟವಾಗಲಿಲ್ಲ. ರೊಟ್ಟಿಯವರಾದ ನೀವು ಏನು ಮಾಡುತ್ತೀರೋ ನೋಡಬೇಕು. ಚಪಾತಿ ಎಲ್ಲಾ ಕಡೆ ಸಿಗುತ್ತದೆ, ಹೆಸರೂ ಚಪಾತಿಯೇ.

ಪಾಸ್‌ಪೋರ್ಟ್ ಪುರಾಣ

ಮೇಡಂ, ನಾನು ಮಿಷನರಿ ಅಲ್ಲ, ಪೂರ್ವ ಆಫ್ರಿಕಾದಲ್ಲಿ ಕಂಪನಿ ಕೆಲಸದಲ್ಲಿದ್ದವನು. ಕಾಗದದ ವಿಷಯ ನನ್ನಿಂದ ಕೇಳಿ.

ಮೊದಲನೇ ಮಾತು. ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ಪರ್ಮಿಟ್ ಮಾಡಿಸೋಣ ಅಂತ ಯಾರು ಹೇಳಿದರೂ ಹೋಗಬೇಡಿ. ದೇವರ ಕೆಲಸ ಅಂತ ಹೇಳಿದರೂ ಹೋಗಬೇಡಿ. ತಾಂಜಾನಿಯಾದಲ್ಲಿ ಕೆಲಸದ ಪರ್ಮಿಟ್ ಬೇರೆ, ವಾಸದ ಪರ್ಮಿಟ್ ಬೇರೆ. ಮೊದಲನೆಯದು ಕಾರ್ಮಿಕ ಇಲಾಖೆಯದು, ಎರಡನೆಯದು ಇಮಿಗ್ರೇಷನ್‌ನವರದು. ನಿಮ್ಮನ್ನು ಕರೆಸಿಕೊಳ್ಳುವ ಸಂಸ್ಥೆಯೇ ಅರ್ಜಿ ಹಾಕಬೇಕು. ಸಂಬಳಕ್ಕೆ ಟೀಚರ್ ಅಂತಲೋ, ಸಭೆಯ ಕಡೆಯಿಂದ ಮಿಷನರಿ ಅಂತಲೋ, ಸ್ವಯಂಸೇವಕಿ ಅಂತಲೋ, ಇದರ ಮೇಲೆ ಪರ್ಮಿಟ್ಟಿನ ವರ್ಗ, ಫೀಸು ಎರಡೂ ಬದಲಾಗುತ್ತವೆ. ಯಾವುದರಲ್ಲಿ ಹಾಕುತ್ತೀರಿ ಅಂತ ಬರಹದಲ್ಲಿ ಕೇಳಿ. ಅಲ್ಲಿ ನೀವು ನಿಜವಾಗಿ ಮಾಡುವ ಕೆಲಸವೂ ಪರ್ಮಿಟ್ಟಿನಲ್ಲಿ ಬರೆದಿರುವ ಕೆಲಸವೂ ಒಂದೇ ಆಗಿರಬೇಕು.

ಎರಡನೆಯದು ಸರ್ಟಿಫಿಕೇಟ್. ನಿಮ್ಮ ಡಿಗ್ರಿಗೆ ಅಲ್ಲಿ ಸಮಾನ ಮಾನ್ಯತೆ ಕೊಡುವುದು ಟಿಸಿಯು ಅಂತ ಒಂದು ಸಂಸ್ಥೆ, ಎಸ್ಸೆಸ್ಸೆಲ್ಸಿ ಪಿಯುಸಿ ಮಟ್ಟದ್ದಕ್ಕೆ ನೆಕ್ಟಾ ಅನ್ನುವ ಪರೀಕ್ಷಾ ಮಂಡಳಿ. ಅದಕ್ಕೆ ಮೊದಲು ಇಲ್ಲಿ ದೃಢೀಕರಣ ಆಗಬೇಕು. ಮೊದಲು ರಾಜ್ಯ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಇಲಾಖೆ. ಅಪೋಸ್ಟಿಲ್ (ನಮ್ಮ ವಿದೇಶಾಂಗ ಇಲಾಖೆಯವರ ದೃಢೀಕರಣ ಮುದ್ರೆ) ಸಾಕಾ ಅಥವಾ ಅವರ ಹೈಕಮಿಷನ್ ಮುದ್ರೆಯೂ ಬೇಕಾ ಅಂತ ಶಾಲೆಯವರನ್ನು ಕೇಳಿ ತಿಳಿದುಕೊಂಡೇ ದುಡ್ಡು ಕಟ್ಟಿ. ಎಲ್ಲಾ ಅಂಕಪಟ್ಟಿಗಳಲ್ಲಿ ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯಾ ನೋಡಿ. ನಮ್ಮ ಉತ್ತರ ಕರ್ನಾಟಕದವರದ್ದು ಇದೊಂದು ಗೋಳು, ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಮೂರನೆಯದರಲ್ಲಿ ಇರೋದೇ ಇಲ್ಲ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲೇ ಅರ್ಜಿ ಹಾಕಿದರೆ ಆಗುತ್ತದೆ. ಜನವರಿಗೆ ಅಲ್ಲಿರಬೇಕು ಅಂದರೆ ಇದನ್ನೆಲ್ಲ ಮಳೆಗಾಲದಲ್ಲೇ ಶುರು ಮಾಡಿ.

ಮೂರನೆಯದು ಯೆಲ್ಲೋ ಫೀವರ್ ಲಸಿಕೆ. ವಿಮಾನ ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುವ ಸಾಧ್ಯತೆ ಜಾಸ್ತಿ, ರಜೆಯಲ್ಲಿ ಕೀನ್ಯಾ ನೋಡೋಣ ಅಂತ ಮನಸ್ಸಾದರೂ ಆಗಬಹುದು. ಆ ದೇಶಗಳಿಂದ ಕಾರ್ಡ್ ಇಲ್ಲದೆ ಭಾರತಕ್ಕೆ ಬಂದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿಕೊಂಡ ಹತ್ತು ದಿನದ ಮೇಲೆ ಕಾರ್ಡ್ ಚಾಲ್ತಿಗೆ ಬರುತ್ತದೆ. ಹೊರಡುವ ಹಿಂದಿನ ವಾರ ಓಡಿದರೆ ಉಪಯೋಗ ಇಲ್ಲ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು, 2016ರಿಂದ ಹಾಗೆ ನಿಯಮ. ಮಲೇರಿಯಾ ಎತ್ತರದ ಸೀಮೆಯಲ್ಲಿ ಕಡಿಮೆ, ದಾರ್ ಎಸ್ ಸಲಾಮ್ ಕಡೆ ಇಳಿದರೆ ಇದೆ. ಜ್ವರ ಬಂದರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಮಾತ್ರೆ.

ಕೊನೆಗೆ ದುಡ್ಡು. ಸಂಬಳ ಎಷ್ಟು, ಶಿಲ್ಲಿಂಗಿನಲ್ಲಾ, ಮನೆ ಯಾರದು, ಕರೆಂಟ್ ಬಿಲ್ ಯಾರದು, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ, ನಡುವೆ ಬಿಟ್ಟು ಬರಬೇಕಾದರೆ ಟಿಕೆಟ್ ಯಾರು ಕೊಡುತ್ತಾರೆ. ಸಭೆಯವರ ಹತ್ತಿರ ದುಡ್ಡಿನ ಮಾತು ಆಡಲು ನಮ್ಮವರಿಗೆ ಸಂಕೋಚ. ಆಡಿ. ನೀವು ಹೋದ ಮೇಲೆ ಬ್ಯಾಂಕಿಗೆ ತಿಳಿಸಿ ಇಲ್ಲಿನ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿ ವಾಸಿಸುವವರ ಖಾತೆ, ಮಾಡಿಸಿಕೊಳ್ಳಬೇಕು, ಅದನ್ನೂ ಮರೆಯಬೇಡಿ.

ಸುಮ್ನೆ ಓದುಗ

ನಾನು ಕ್ರೈಸ್ತನಲ್ಲ. ಜಗಳಕ್ಕೆ ಬಂದಿಲ್ಲ, ಆದರೆ ಕೇಳದೆ ಇರಲಾಗುತ್ತಿಲ್ಲ. ಗಣಿತ ಹೇಳಿಕೊಡೋಕೆ ಹೋಗುವುದಾದರೆ ಟೀಚರ್ ಅನ್ನಿ, ಮಿಷನರಿ ಯಾಕೆ? ಆ ಕಡೆ ಈಗಾಗಲೇ ಬಹಳಷ್ಟು ಜನ ಕ್ರೈಸ್ತರೇ ಅಲ್ವಾ. ಮತ್ತೆ ಗಣಿತ ಟೀಚರ್ ಇಲ್ಲದ ಶಾಲೆ ನೋಡೋಕೆ ಸಮುದ್ರ ದಾಟಬೇಕಾಗಿಲ್ಲ. ನಮ್ಮ ರೋಣ, ಮುಂಡರಗಿ ಕಡೆ ಒಂದು ಸುತ್ತು ಹಾಕಿದರೆ ಸಾಕು.

ಬೆಟಗೇರಿ ಟೀಚರ್

ಸರ್, ಕೇಳಿದ್ದು ಒಳ್ಳೆಯದಾಯಿತು. ನಮ್ಮ ಮನೆಯಲ್ಲೂ ಅಣ್ಣ ಇದನ್ನೇ ಕೇಳಿದ. ಯಾರನ್ನೂ ಕ್ರೈಸ್ತರನ್ನಾಗಿ ಮಾಡಲು ನಾನು ಹೋಗುತ್ತಿಲ್ಲ. ಆ ಸಭೆಗೆ ಟೀಚರ್ ಬೇಕು, ನಮ್ಮ ಸಭೆ ಒಬ್ಬಳನ್ನು ಕಳಿಸುತ್ತಿದೆ, ಅಷ್ಟೇ ಲೆಕ್ಕ. ಆದರೆ ನನ್ನ ನಂಬಿಕೆಯ ಕಾರಣಕ್ಕೇ ಹೋಗುತ್ತಿರುವುದು, ಅದನ್ನು ಮುಚ್ಚಿಟ್ಟು ಬರೀ ಟೀಚರ್ ಅನ್ನುವುದು ಸುಳ್ಳಾಗುತ್ತದೆ. ಮುಂಡರಗಿ ಮಾತು ಚುಚ್ಚಿತು, ಒಪ್ಪುತ್ತೇನೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಇಲ್ಲಿ ಆರು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಬಂದ ಮೇಲೂ ಇಲ್ಲೇ ಮಾಡುತ್ತೇನೆ.

ಬಲ್ಮಠ ವಿದ್ಯಾರ್ಥಿ

ಅಕ್ಕ, ಬೈಬಲ್ ಕಾಲೇಜು ಬೇಕಾ ಅಂತ ಕೇಳಿದ್ದಿರಿ. ನಾನು ದೇವಶಾಸ್ತ್ರ ಓದುತ್ತಿರುವವನು, ಆದರೂ ಹೇಳುತ್ತೇನೆ, ಬೇಡ. ಬಿಎಡ್ ಸಾಕು. ಸತ್ಯವೇದ ಓದುವ ಅಭ್ಯಾಸ ಇದೆ, ಸಂಡೇ ಸ್ಕೂಲ್ ನಡೆಸಿದ್ದೀರಿ ಅಂದರೆ ಬೆಳಗಿನ ಪ್ರಾರ್ಥನೆಯಲ್ಲಿ ಎರಡು ಮಾತು ಹೇಳಲು ಬರುತ್ತದೆ. ಆ ಸಮಯವನ್ನು ಹೋಗುವ ಊರಿನ ಇತಿಹಾಸ ಓದಲು ಕೊಡಿ.

ಇರಿಂಗಾ ಅಂದರೆ ಹೆಹೆ ಜನರ ನಾಡು. ಅವರ ದೊರೆ ಮ್ಕ್ವಾವಾ 1891ರಲ್ಲಿ ಲುಗಾಲೊ ಎಂಬಲ್ಲಿ ಜರ್ಮನ್ ಪಡೆಯನ್ನು ಸೋಲಿಸಿದ. ಆಮೇಲೆ ವರ್ಷಗಟ್ಟಲೆ ಬೆನ್ನು ಹತ್ತಿದರು. 1898ರಲ್ಲಿ ಕೈಗೆ ಸಿಗಬಾರದು ಅಂತ ತಾನೇ ಗುಂಡು ಹಾರಿಸಿಕೊಂಡ. ಅವನ ತಲೆಬುರುಡೆ ಅಂತ ಒಂದನ್ನು ಜರ್ಮನಿಯಿಂದ ವಾಪಸ್ ತಂದದ್ದು 1954ರಲ್ಲಿ, ಈಗ ಇರಿಂಗಾ ಹತ್ತಿರ ಕಲೆಂಗಾದಲ್ಲಿ ಇಟ್ಟಿದ್ದಾರೆ. ಅದೇ ವರ್ಷಗಳಲ್ಲೇ ಬರ್ಲಿನ್ ಮಿಷನ್‌ನವರು ಆ ಸೀಮೆಗೆ ಬಂದದ್ದು. ಅಂದರೆ ಬಂದೂಕೂ ಬೈಬಲ್ಲೂ ಒಂದೇ ದೇಶದಿಂದ, ಒಂದೇ ಕಾಲದಲ್ಲಿ ಬಂದವು. ಅಲ್ಲಿನ ಮಕ್ಕಳಿಗೆ ಇದು ಗೊತ್ತು. ನಿಮಗೂ ಗೊತ್ತಿರಬೇಕು.

ನಮ್ಮ ಕಡೆಗೂ ಬಂದದ್ದು ಬಹುಪಾಲು ಜರ್ಮನರೇ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಇಳಿದದ್ದು 1834ರಲ್ಲಿ. ಮೊಗ್ಲಿಂಗ್ ಅವರ ಪತ್ರಿಕೆ 1843ರಲ್ಲಿ, ಕಿಟೆಲ್ ಅವರ ನಿಘಂಟು 1894ರಲ್ಲಿ, ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು 1914ರ ನಂತರ ನಡೆದದ್ದು. ಮಹಾಯುದ್ಧ ಶುರುವಾಯಿತು, ಬ್ರಿಟಿಷರು ಇಲ್ಲಿನ ಜರ್ಮನ್ ಮಿಷನರಿಗಳನ್ನು ಹಿಡಿದಿಟ್ಟು ಆಮೇಲೆ ಊರಿಗೆ ಕಳಿಸಿದರು. ಪೂರ್ವ ಆಫ್ರಿಕಾಕ್ಕೂ ಯುದ್ಧ ಹೋಯಿತು, ಅಲ್ಲಿನ ಜರ್ಮನ್ ಮಿಷನರಿಗಳದ್ದೂ ಅದೇ ಕಥೆ. ಎರಡೂ ಕಡೆ ಆ ವರ್ಷಗಳಲ್ಲಿ ಸಭೆಯನ್ನು ಹಿಡಿದು ನಿಲ್ಲಿಸಿದವರು ಊರಿನವರೇ, ಉಪದೇಶಿಗಳು, ಮೇಷ್ಟ್ರುಗಳು, ಹಿರಿಯರು. ನೀವು ಹೋಗುತ್ತಿರುವುದು ಅಂಥವರು ಕಟ್ಟಿದ ಸಭೆಗೆ. ಅಲ್ಲಿನ ಏಳು ಲೂಥರನ್ ಸಭೆಗಳು ಸೇರಿ 1963ರಲ್ಲಿ ಒಂದಾದವು, ಬಿಷಪ್ಪರು ಅವರವರೇ, ಹೆಡ್‌ಮಾಸ್ಟರ್ ಅವರವರೇ. ನೀವು ಅವರ ಕೈಕೆಳಗಿನ ಟೀಚರ್. ಸಭೆಯ ಪತ್ರಿಕೆಗೆ ‘ಕತ್ತಲ ಖಂಡದಲ್ಲಿ ಬೆಳಕು’ ಅಂತ ಲೇಖನ ಬರೆದುಕೊಡಿ ಅಂತ ನಮ್ಮವರು ಕೇಳಿಯೇ ಕೇಳುತ್ತಾರೆ. ದಯವಿಟ್ಟು ಬರೆಯಬೇಡಿ.

ಸುಮ್ನೆ ಓದುಗ ಸರ್, ಇನ್ನೊಂದು ಮಾತು. ಆ ದೇಶವನ್ನು ಕಟ್ಟಿದ ನೈರೆರೆ ಅವರನ್ನು ಜನ ಇವತ್ತಿಗೂ ಕರೆಯುವುದು ಮ್ವಾಲಿಮು, ಅಂದರೆ ಮೇಷ್ಟ್ರು ಅಂತ. ಪುಗು ಎಂಬಲ್ಲಿ ಕ್ಯಾಥೊಲಿಕ್ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು, ರಾಜಕೀಯಕ್ಕಾಗಿ 1955ರಲ್ಲಿ ಕೆಲಸ ಬಿಟ್ಟರು. ಆದ್ದರಿಂದ ಟೀಚರ್ ಅನ್ನುವುದೇ ಅಲ್ಲಿ ದೊಡ್ಡ ಹೆಸರು, ನಿಮ್ಮ ಮಾತು ಒಂದು ಲೆಕ್ಕಕ್ಕೆ ಸರಿಯೇ.

ಹಾಸನದಕ್ಕ

ಬಲ್ಮಠದ ತಮ್ಮ ಚೆನ್ನಾಗಿ ಹೇಳಿದ. ನಾನು ಮೂರು ಮಾತು ಬಿಟ್ಟಿದ್ದೆ, ಅವು ಮೇಲಿನ ಎಲ್ಲಕ್ಕಿಂತ ಕಷ್ಟದವು.

ಕೋಲು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಹೊಡೆಯುವಂತಿಲ್ಲ, ಕಾಗದದ ಮೇಲಾದರೂ. ಅಲ್ಲಿ ನಿಯಮದಲ್ಲೇ ಅವಕಾಶ ಇದೆ, ಹೆಡ್‌ಮಾಸ್ಟರ್ ಅಥವಾ ಅವರು ಒಪ್ಪಿಗೆ ಕೊಟ್ಟವರು ನಾಲ್ಕು ಏಟಿನವರೆಗೆ ಹೊಡೆಯಬಹುದು. ತಡವಾಗಿ ಬಂದವರನ್ನು ಬೆಳಗಿನ ಅಸೆಂಬ್ಲಿಯಲ್ಲೇ ಸಾಲಾಗಿ ನಿಲ್ಲಿಸುತ್ತಾರೆ. ಟೀಚರೇ, ನೀವೂ ಬನ್ನಿ ಅಂತ ಕೋಲು ಕೊಡುತ್ತಾರೆ. ನಾನು ಹೊಡೆಯುವುದಿಲ್ಲ ಅಂತ ಸ್ಟಾಫ್‌ರೂಮಿನಲ್ಲಿ ಮೊದಲ ವಾರವೇ ನಗುತ್ತಾ ಹೇಳಿಬಿಡು. ಅಸೆಂಬ್ಲಿಯಲ್ಲಿ ಎಲ್ಲರೆದುರು ಹೇಳಬೇಡ, ಭಾಷಣವನ್ನೂ ಮಾಡಬೇಡ. ನಿನ್ನ ಕ್ಲಾಸಿನಲ್ಲಿ ಕೋಲಿಲ್ಲದೆ ಗಣಿತ ನಡೆಯುತ್ತದೆ ಅಂತ ಕಂಡರೆ ಒಂದಿಬ್ಬರು ಟೀಚರ್ ತಾವಾಗಿಯೇ ಬಂದು ಕೂತು ನೋಡುತ್ತಾರೆ.

ಫೀಸು. ಟರ್ಮ್ ಶುರುವಾದಾಗ ಫೀಸು ಕಟ್ಟದ ಮಕ್ಕಳನ್ನು ಮನೆಗೆ ಕಳಿಸುತ್ತಾರೆ. ಹಿಂದಿನ ವಾರ ಬೋರ್ಡಿನ ಮೇಲೆ ಚೆನ್ನಾಗಿ ಲೆಕ್ಕ ಮಾಡಿದ ಹುಡುಗಿ ಟಿನ್ನಿನ ಪೆಟ್ಟಿಗೆ ತಲೆ ಮೇಲೆ ಹೊತ್ತು ಗೇಟು ದಾಟುತ್ತಾಳೆ. ನಿನ್ನ ಕೈ ಪರ್ಸಿಗೆ ಹೋಗುತ್ತದೆ. ಆ ಕೈಯನ್ನು ತಡೆದುಕೋ. ಒಬ್ಬಳಿಗೆ ಕೊಟ್ಟರೆ ಮರುದಿನ ಬಾಗಿಲಲ್ಲಿ ಹತ್ತು ಜನ, ಆಮೇಲೆ ನೀನು ಟೀಚರಲ್ಲ, ಬ್ಯಾಂಕು. ಕೊಡುವುದಾದರೆ ಶಾಲೆಯ ಕಚೇರಿಗೆ, ರಸೀದಿ ತಗೊಂಡು, ಹೆಸರು ಹೇಳದೆ. ಯಾರಿಗೆ ಕೊಡಬೇಕು ಅಂತ ಅಲ್ಲಿನ ಟೀಚರುಗಳಿಗೆ ನಿನಗಿಂತ ಚೆನ್ನಾಗಿ ಗೊತ್ತು.

ಮತ್ತೆ ನಿನ್ನ ಕ್ಲಾಸಿನಲ್ಲಿ ಮುಸ್ಲಿಂ ಮಕ್ಕಳೂ ಇರುತ್ತಾರೆ, ಲೂಥರನ್ ಶಾಲೆಯಾದರೂ. ರಂಜಾನ್ ತಿಂಗಳಲ್ಲಿ ಉಪವಾಸ ಇರುತ್ತಾರೆ, ಮಧ್ಯಾಹ್ನದ ಪೀರಿಯಡ್ಡಿನಲ್ಲಿ ತೂಕಡಿಸುತ್ತಾರೆ. ಟೆಸ್ಟ್ ಇಡುವುದಾದರೆ ಬೆಳಿಗ್ಗೆ ಇಡು. ಮಿಷನರಿ ಅನ್ನುವುದಕ್ಕೆ ನನ್ನ ಲೆಕ್ಕದಲ್ಲಿ ಇಂಥವೇ ಅರ್ಥ, ಓದುಗ ಸರ್ ಒಪ್ಪುತ್ತಾರೋ ಇಲ್ಲವೋ.

ಸುಮ್ನೆ ಓದುಗ

ಅರ್ಧ ಒಪ್ಪಿದೆ ಅಕ್ಕಾವ್ರೇ. ಉಳಿದರ್ಧ ಟೀಚರ್ ಮುಂಡರಗಿಗೆ ಬಂದ ದಿನ.

ಬೆಟಗೇರಿ ಟೀಚರ್

ಎಲ್ಲರಿಗೂ ಧನ್ಯವಾದ. ಇವತ್ತೇ ಶಾಲೆಗೆ ಮೇಲ್ ಬರೆದೆ, ಪರ್ಮಿಟ್ ಯಾವ ವರ್ಗದಲ್ಲಿ, ಕಾಯಿಲೆ ಖರ್ಚು ಯಾರದು ಅಂತ ಎರಡನ್ನೂ ಕೇಳಿದ್ದೇನೆ. ಬರೆಯುವಾಗ ಸಂಕೋಚ ಆಯಿತು, ಆದರೂ ಕಳಿಸಿದೆ. ಅಂಕಪಟ್ಟಿ ತೆಗೆದು ನೋಡಿದೆ, ಪಾಸ್‌ಪೋರ್ಟ್ ಪುರಾಣ ಸರ್ ಹೇಳಿದ ಹಾಗೆಯೇ ಪಿಯುಸಿಯದರಲ್ಲಿ ಅಡ್ಡಹೆಸರೇ ಇಲ್ಲ. ಇನ್ನೊಂದೇ ಪ್ರಶ್ನೆ. ಲಗೇಜಿನಲ್ಲಿ ನಮ್ಮ ಎನ್‌ಸಿಇಆರ್‌ಟಿ ಗಣಿತ ಪುಸ್ತಕಗಳನ್ನು ಹೊತ್ತುಕೊಂಡು ಹೋಗಲಾ?

ಹಾಸನದಕ್ಕ

ಒಂಬತ್ತು, ಹತ್ತರದ್ದು ಒಂದೊಂದು ಸಾಕು, ಲೆಕ್ಕ ಆರಿಸಿಕೊಳ್ಳೋಕೆ. ಅದಕ್ಕಿಂತ ನೆಕ್ಟಾದ ಫಾರ್ಮ್ ಫೋರ್, ಅಂದರೆ ಸೆಕೆಂಡರಿಯ ನಾಲ್ಕನೇ ವರ್ಷದ, ಹಳೇ ಪ್ರಶ್ನೆಪತ್ರಿಕೆಗಳನ್ನು ಈಗಲೇ ಇಳಿಸಿಕೊಂಡು ಒಂದೊಂದೇ ಬಿಡಿಸುತ್ತಾ ಬಾ. ಆ ಮಕ್ಕಳ ಮುಂದಿನ ದಾರಿ ಆ ಪರೀಕ್ಷೆಯ ಮೇಲೆ ನಿಂತಿದೆ, ಮೊದಲ ದಿನವೇ ನಿನ್ನನ್ನು ಅದರಿಂದಲೇ ಅಳೆಯುತ್ತಾರೆ. ಉಳಿದ ತೂಕಕ್ಕೆ ಬೋರ್ಡಿನ ಮೇಲೆ ಬಳಸುವ ದೊಡ್ಡ ಕಂಪಾಸು, ಕೋನಮಾಪಕ ಹಾಕಿಕೋ. ಮತ್ತೆ ಖಾರದ ಪುಡಿ, ಶೇಂಗಾ ಚಟ್ನಿ, ನಿಮ್ಮವ್ವನ ಕೈಯಲ್ಲಿ ಮಾಡಿಸಿದ್ದು. ಚೀಲದ ಬಾಯಿ ಎರಡು ಸಲ ಕಟ್ಟು, ದಾರ್‌ನಿಂದ ಇರಿಂಗಾಕ್ಕೆ ಬಸ್ಸಿನಲ್ಲಿ ಇಡೀ ದಿನ. ಕಿಟಕಿ ಪಕ್ಕದ ಸೀಟು ಕೇಳಿ ತಗೋ, ಹೆದ್ದಾರಿ ಮಿಕುಮಿ ಕಾಡಿನ ನಡುವೆಯೇ ಹೋಗುತ್ತದೆ, ಜಿರಾಫೆ ರಸ್ತೆ ಪಕ್ಕದಲ್ಲೇ ನಿಂತಿರುತ್ತವೆ.